ದಂತಿದುರ್ಗನೂ ‘ವಲ್ಲಭ’ ಬಿರುದೂ

ಕ್ರಿ.ಶ. ೮೫೧ರಲ್ಲಿ ಅರಬ್ಬೀ ಭಾಷೆಯಲ್ಲಿ ರಚಿತವಾದ ಒಂದು ಪ್ರವಾಸವೃತ್ತಾಂತವು ಸುಲೇಮಾನನೆಂಬ ವರ್ತಕನ ಹೆಸರಿನಿಂದ ಪ್ರಸಿದ್ಧವಾಗಿದೆ. ಅದರಲ್ಲಿ ಲೋಕದ ಮಹಾರಾಜರೆಂದು ನಾಲ್ವರನ್ನು ಎಣಿಸಿದೆ. ಮೊದಲನೆಯವನು ಅರಬರ ಖಲೀಫನು. ಎರಡನೆಯವನು ಚೀನದ ಚಕ್ರವರ್ತಿಯು. ಮೂರನೆಯವನು ರೂಮದ, ಎಂದರೆ ಕಾನ್‌ಸ್ಟಾಂಟಿನೋಪಲಿನ, ಸಾಮ್ರಾಟನು. ನಾಲ್ಕನೆಯವನು ಭರತಖಂಡದ ‘ಬಲ್ಹರಾ’ ಎಂಬ ಅರಸನು. ಇವನ ನಾಡು ಕೊಂಕಣದ ಕಡಲತೀರದಿಂದ ಮೊದಲಾಗುವುದೆಂದೂ, ಹಿಂದೂದೇಶದ ಉಳಿದ ಅರಸರೆಲ್ಲರೂ ಇವನ ಹಿರಿಮೆಯನ್ನು ಒಪ್ಪಿಕೊಂಡಿರುವರೆಂದೂ ಅಲ್ಲಿ ಹೇಳಿದೆ. ಆ ಪರದೇಶದ ವರ್ತಕನ ಕಣ್ಣಿಗೆ ಒಂದು ಸೂಕ್ಷ್ಮವೂ ಬಿದ್ದಿತ್ತು. ಬಲ್ಹರಾ ಎಂಬುದು ಒಬ್ಬ ಅರಸನ ಅಂಕಿತನಾಮವಲ್ಲ. ಪಾರಸಿಕರ ಅರಸರಿಗೆಲ್ಲ ಖುಸ್ರು ಎಂಬ ಹೆಸರು ಸಲ್ಲುತ್ತಿದ್ದಂತೆ, ಈ ವಂಶದಲ್ಲಿ ಪಟ್ಟವೇರಿದವರಿಗೆಲ್ಲ ಸಲ್ಲುವ ಬಿರುದು ಅದು ಎಂದು ಅವನು ಸ್ಪಷ್ಟವಾಗಿ ತಿಳಿಸಿದ್ದಾನೆ.

ಆ ಕಾಲದಲ್ಲಿ ದಕ್ಷಿಣಾಪಥದ ಸಿಂಹಾಸನದ ಮೇಲಿದ್ದವನು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನು. ಅವನ ವಂಶದ ಅರಸರನ್ನು ಕನ್ನಡ ಶಾಸನಗಳು ‘ಬಲ್ಲಹ’ನೆಂದು ಕರೆಯುವುದುಂಟು. ಸಂಸ್ಕೃತದ ‘ವಲ್ಲಭ’ ಶಬ್ದವು ಪ್ರಾಕೃತದ ದಾರಿಯಲ್ಲಿ ಕನ್ನಡಕ್ಕೆ ಬಂದು ‘ಬಲ್ಲಹ’ವಾಯಿತು, ‘ಬಲ್ಲಹರಾಯ’ನು ಅರಬರ ನಾಲಗೆಯ ಮೇಲೆ ಬಲ್ಹರಾ ಆದನು. ಶಬ್ದದ ಜಾಡು ಇಷ್ಟು ನೇರವಾದುದು. ಆದರೆ ಬಿರುದಿನ ಜಾಡು ಅಷ್ಟು ನೇರವಾದುದಲ್ಲ. ಲೋಕವು ರಾಷ್ಟ್ರಕೂಟರನ್ನು ಯಾವ ಹೆಸರಿನಿಂದ ಗುರುತಿಸಿತೋ ಆ ಹೆಸರನ್ನು ರಾಷ್ಟ್ರಕೂಟರು ಸೃಷ್ಟಿಸಿದವರಲ್ಲ. ಅದು ಅವರ ಒಡೆಯರಾಗಿದ್ದ ಬಾದಾಮಿಯ ಚಾಲುಕ್ಯರ ಸ್ವತ್ತು. ಎರಡು ಶತಮಾನಗಳ ಕಾಲ ಚಾಲುಕ್ಯರ ಮನೆಯಲ್ಲಿದ್ದ ಆ ಬಿರುದನ್ನು ತನ್ನ ಮನೆಗೆ ತಂದವನು ದಂತಿದುರ್ಗನು. ಒಡೆಯನನ್ನು ಸೋಲಿಸಿದವನು ಒಡೆಯನ ಹೆಸರನ್ನೇಕೆ ಹೊತ್ತನು ಎಂಬ ಪ್ರಶ್ನೆಯನ್ನು ಬಿಡಿಸಿದರೆ, ಎಂಟನೆಯ ಶತಮಾನದಲ್ಲಿ ಕನ್ನಡನಾಡಿನಲ್ಲಿ ಒಂದು ಸಾಮ್ರಾಜ್ಯವು ಅಳಿದು ಇನ್ನೊಂದು ಹುಟ್ಟಿದ ಬಗೆಯು ತಾನಾಗಿ ತಿಳಿದುಬರುವುದು.

ಈ ಬಿರುದಿನ ಮೊದಲ ನೆಲೆಯನ್ನು ಬಾದಾಮಿಯ ಬಂಡೆಯ ಮೇಲೆಯೇ ಕಾಣಬಹುದು. ಶಕವರ್ಷ ೪೬೫ರಲ್ಲಿ, ಎಂದರೆ ಕ್ರಿ.ಶ. ೫೪೩ರಲ್ಲಿ, ಒಂದನೆಯ ಪುಲಕೇಶಿಯು ವಾತಾಪಿಯ ಬೆಟ್ಟವನ್ನು ದುರ್ಗವನ್ನಾಗಿ ಮಾಡಿದುದನ್ನು ಹೇಳುವ ಶಾಸನವು ಅವನನ್ನು ‘ವಲ್ಲಭೇಶ್ವರ’ನೆಂದು ಕರೆದಿದೆ. ಅವನು ಅಶ್ವಮೇಧಾದಿ ಯಜ್ಞಗಳನ್ನು ಮಾಡಿದವನೆಂದೂ, ಹಿರಣ್ಯಗರ್ಭದಿಂದ ಜನಿಸಿದವನೆಂದೂ ಅಲ್ಲಿಯೇ ಹೇಳಿದೆ. ಹಿರಣ್ಯಗರ್ಭವೆಂಬುದು ಷೋಡಶ ಮಹಾದಾನಗಳಲ್ಲಿ ಒಂದು. ದಾನ ಮಾಡುವ ಅರಸನು ಚಿನ್ನದ ಪಾತ್ರೆಯೊಳಗೆ ಗರ್ಭಸ್ಥ ಶಿಶುವಿನಂತೆ ಕುಳಿತು, ಮಂತ್ರಪೂರ್ವಕವಾಗಿ ಹೊರಬಂದು, ಜಾತಕರ್ಮಾದಿ ಸಂಸ್ಕಾರಗಳನ್ನು ಪಡೆದು, ಆ ಚಿನ್ನವನ್ನು ಬ್ರಾಹ್ಮಣರಿಗೆ ಹಂಚುವನು. ಹಳೆಯ ಹುಟ್ಟನ್ನು ಕಳೆದು ಅರಸುತನಕ್ಕೆ ಯೋಗ್ಯವಾದ ಹೊಸ ಹುಟ್ಟನ್ನು ಪಡೆಯುವುದೇ ಇದರ ಅಂತರಾರ್ಥವು. ಚಾಲುಕ್ಯ ವಂಶವು ಹೀಗೆ ಒಂದು ದುರ್ಗದಿಂದಲೂ, ಒಂದು ಮಹಾದಾನದಿಂದಲೂ, ಒಂದು ಬಿರುದಿನಿಂದಲೂ ಮೊದಲಾಯಿತು. ದಂತಿದುರ್ಗನ ಕಥೆಯಲ್ಲಿ ಈ ಮಹಾದಾನವು ಮತ್ತೆ ಬರುವುದರಿಂದ ವಾಚಕರು ಇದನ್ನು ನೆನಪಿನಲ್ಲಿಟ್ಟಿರಬೇಕು.

ವಲ್ಲಭನೆಂದರೆ ಪ್ರಿಯನು, ಪತಿಯು. ಪೃಥ್ವೀವಲ್ಲಭನೆಂದರೆ ಭೂದೇವಿಯ ಪತಿ. ಶ್ರೀವಲ್ಲಭನೆಂದರೆ ಲಕ್ಷ್ಮಿಯ ಪತಿ. ಎರಡೂ ವಿಷ್ಣುವಿಗೆ ಸಲ್ಲುವ ಹೆಸರುಗಳು. ಚಾಲುಕ್ಯರ ಲಾಂಛನವು ವರಾಹ. ಕಡಲಿನಲ್ಲಿ ಮುಳುಗಿದ್ದ ಭೂಮಿಯನ್ನು ಕೋರೆಯ ಮೇಲೆ ಎತ್ತಿದ ದೇವನ ರೂಪವನ್ನು ಮುದ್ರೆಯಲ್ಲಿ ಧರಿಸಿದವರು ಭೂವಲ್ಲಭರೆನಿಸಿಕೊಂಡುದು ಸಹಜವೇ ಆಗಿತ್ತು. ಇಮ್ಮಡಿ ಪುಲಕೇಶಿಯು ಉತ್ತರಾಪಥೇಶ್ವರನಾದ ಹರ್ಷವರ್ಧನನನ್ನು ಸೋಲಿಸಿ ‘ಪರಮೇಶ್ವರ’ನೆಂಬ ಇನ್ನೊಂದು ಹೆಸರನ್ನು ಸಂಪಾದಿಸಿದನೆಂದು ಅವನ ಅನಂತರದವರ ಶಾಸನಗಳು ಹೇಳುವುವು. ಹೀಗೆ ಒಂದೊಂದಾಗಿ ಕೂಡಿಕೊಂಡು ‘ಸತ್ಯಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಭಟ್ಟಾರಕ’ ಎಂಬ ಬಿರುದಾವಳಿಯು ರೂಪುಗೊಂಡಿತು. ಕ್ರಿ.ಶ. ೬೪೨ರಲ್ಲಿ ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಹಿಡಿದು ಸುಟ್ಟಾಗಲೂ ಈ ಬಿರುದು ಅಳಿಯಲಿಲ್ಲ. ೬೫೫ರಲ್ಲಿ ಒಂದನೆಯ ವಿಕ್ರಮಾದಿತ್ಯನು ರಾಜ್ಯವನ್ನು ಮತ್ತೆ ನಿಲ್ಲಿಸಿದಾಗ ಅದೂ ಅವನೊಡನೆ ಎದ್ದು ನಿಂತಿತು. ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದೂ ಆ ನಗರವನ್ನು ಕೆಡಿಸದೆ, ಅಲ್ಲಿಯ ರಾಜಸಿಂಹೇಶ್ವರ ದೇವಾಲಯದ ಧನವನ್ನು ದೇವರಿಗೇ ಮರಳಿ ಒಪ್ಪಿಸಿ, ಆ ಗುಡಿಯಲ್ಲಿ ಕನ್ನಡದ ಶಾಸನವನ್ನು ಬರೆಯಿಸಿದನು. ವಲ್ಲಭನೆಂಬ ಮಾತಿಗೆ ಇದಕ್ಕಿಂತ ಹೆಚ್ಚಿನ ಗೌರವವು ಬಂದ ಕಾಲವಿಲ್ಲ. ಅಚ್ಚರಿಯೆಂದರೆ, ಆ ಗೌರವವು ಕೈಜಾರುವುದಕ್ಕೆ ಬೇಕಾದ ಕಾರಣಗಳೂ ಅದೇ ಅರಸನ ಕಾಲದಲ್ಲಿಯೇ ಕೂಡಿಬಂದುವು.

ಅಷ್ಟು ದೊಡ್ಡ ರಾಜ್ಯವನ್ನು ಒಬ್ಬ ಅರಸನು ಬಾದಾಮಿಯಲ್ಲಿ ಕುಳಿತು ಆಳುವುದು ಸಾಧ್ಯವಿರಲಿಲ್ಲ. ದೂರದ ಗಡಿಗಳನ್ನು ಸಾಮಂತರು ಕಾಯುತ್ತಿದ್ದರು. ಕಾದುದಕ್ಕೆ ಪ್ರತಿಫಲವಾಗಿ ಒಡೆಯನು ಅವರಿಗೆ ಭೂಮಿಯನ್ನೂ ಬಿರುದನ್ನೂ ಕೊಡುತ್ತಿದ್ದನು. ಸಿಂಧುದೇಶದಲ್ಲಿ ನೆಲೆನಿಂತ ಅರಬರು ಕಚ್ಛ, ಸೌರಾಷ್ಟ್ರಗಳನ್ನು ತುಳಿದು ಲಾಟದೇಶದ ನವಸಾರಿಯವರೆಗೆ ನುಗ್ಗಿದಾಗ, ಅಲ್ಲಿ ಆಳುತ್ತಿದ್ದ ಚಾಲುಕ್ಯ ಶಾಖೆಯ ಅವನಿಜನಾಶ್ರಯ ಪುಲಕೇಶಿಯು ಅವರನ್ನು ಹಿಮ್ಮೆಟ್ಟಿಸಿದನು. ಕ್ರಿ.ಶ. ೭೩೯ರ ಅವನ ನವಸಾರಿಯ ತಾಮ್ರಶಾಸನವು ಈ ಯುದ್ಧವನ್ನು ವರ್ಣಿಸಿ, ಮೆಚ್ಚಿದ ವಲ್ಲಭನರೇಂದ್ರನು ಅವನಿಗೆ ನಾಲ್ಕು ಬಿರುದುಗಳನ್ನು ಕರುಣಿಸಿದನೆಂದು ಹೇಳುತ್ತದೆ. ಅವನು ದಕ್ಷಿಣಾಪಥದ ಆಧಾರಸ್ತಂಭನು, ಚಾಲುಕ್ಯಕುಲದ ಅಲಂಕಾರನು, ಹಿಂದಿರುಗದವರನ್ನು ಹಿಂದಿರುಗಿಸಿದವನು. ಅಷ್ಟೇ ಅಲ್ಲದೆ ‘ಪೃಥ್ವೀವಲ್ಲಭ’ನೂ ಆದನು. ಚಕ್ರವರ್ತಿಯ ಸ್ವಂತ ಹೆಸರು ಸಾಮಂತನಿಗೆ ಮನ್ನಣೆಯಾಗಿ ದೊರೆಯಿತು. ಅರಸನ ಔದಾರ್ಯವು ದೊಡ್ಡದು. ಆದರೆ ಹಂಚಿದಷ್ಟೂ ಬೆಲೆ ತಗ್ಗುವ ವಸ್ತುಗಳಲ್ಲಿ ರಾಜಬಿರುದೂ ಒಂದು ಎಂಬುದನ್ನು ಅಂದಿನ ಆಸ್ಥಾನವು ಯೋಚಿಸಿದಂತೆ ತೋರುವುದಿಲ್ಲ.

ಇದೇ ಬಗೆಯ ಸಾಮಂತಕುಲಗಳಲ್ಲಿ ದಂತಿದುರ್ಗನ ಮನೆತನವೂ ಒಂದು. ರಾಷ್ಟ್ರಕೂಟ ಎಂಬುದು ಮೊದಲು ಒಂದು ಅಧಿಕಾರದ ಹೆಸರು. ನಾಡಿನ ಒಂದು ವಿಭಾಗದ ಮುಖ್ಯಸ್ಥನು ರಾಷ್ಟ್ರಕೂಟನು. ಮುಂದೆ ಈ ವಂಶದ ಅರಸರು ತಮ್ಮನ್ನು ‘ಲತ್ತಲೂರ ಪುರವರಾಧೀಶ್ವರ’ರೆಂದು ಕರೆದುಕೊಂಡುದರಿಂದ ಇಂದಿನ ಲಾತೂರು ಅವರ ಪೂರ್ವಿಕರ ಊರೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಎಲ್ಲೋರದ ಸುತ್ತಣ ಸೀಮೆಯಲ್ಲಿ ಅವರು ಚಾಲುಕ್ಯರ ಕೈಕೆಳಗೆ ಆಳುತ್ತಿದ್ದರು. ದಂತಿದುರ್ಗನ ತಂದೆ ಇಂದ್ರರಾಜನು, ತಾಯಿ ಭವನಾಗೆ. ಈ ಭವನಾಗೆಯು ಚಾಲುಕ್ಯರ ಮಗಳು. ಗುಜರಾತಿನ ಖೇಟಕದಲ್ಲಿ, ಎಂದರೆ ಇಂದಿನ ಖೇಡಾದಲ್ಲಿ, ಇಂದ್ರನು ಅವಳನ್ನು ವಿವಾಹಮಂಟಪದಿಂದಲೇ ಅಪಹರಿಸಿ ರಾಕ್ಷಸವಿಧಿಯಿಂದ ಕೈಹಿಡಿದನೆಂದು ಕ್ರಿ.ಶ. ೮೭೧ರ ಸಂಜಾನದ ತಾಮ್ರಪಟವು ತಿಳಿಸುತ್ತದೆ. ನೂರು ವರ್ಷಗಳಿಗೂ ಹೆಚ್ಚು ಕಾಲದ ಮೇಲೆ ಅದೇ ಮನೆತನದವರು ಈ ಸಂಗತಿಯನ್ನು ಮುಚ್ಚಿಡದೆ ಹೆಮ್ಮೆಯಿಂದ ಕೆತ್ತಿಸಿದರು. ಒಡೆಯರ ಕುಲದ ಕನ್ನೆಯನ್ನು ಬಲದಿಂದ ತಂದುದು ಅವರ ಲೆಕ್ಕದಲ್ಲಿ ಮನೆತನದ ಏಳಿಗೆಯ ಮೊದಲ ಮೆಟ್ಟಿಲಾಗಿತ್ತು. ಹೀಗೆ ದಂತಿದುರ್ಗನ ಮೈಯಲ್ಲಿ ಸಾಮಂತನ ರಕ್ತವೂ ಒಡೆಯನ ರಕ್ತವೂ ಕೂಡಿ ಹರಿಯುತ್ತಿದ್ದುವು.

ಅವನನ್ನು ಮೊದಲು ಕಾಣುವುದು ಎಲ್ಲೋರದ ತಾಮ್ರಪಟದಲ್ಲಿ. ಕ್ರಿ.ಶ. ೭೪೨ರದೆಂದು ಸಾಮಾನ್ಯವಾಗಿ ಎಣಿಸುವ ಈ ಶಾಸನದಲ್ಲಿ ಅವನು ಇನ್ನೂ ಸಾಮಂತನೇ. ‘ಸಮಧಿಗತ ಪಂಚಮಹಾಶಬ್ದ’ನೆಂದೂ ‘ಮಹಾಸಾಮಂತಾಧಿಪತಿ’ಯೆಂದೂ ಅವನನ್ನು ಹೇಳಿದೆ. ಪಂಚಮಹಾಶಬ್ದವೆಂದರೆ ಐದು ಮಹಾವಾದ್ಯಗಳನ್ನು ತನ್ನ ಮುಂದೆ ನುಡಿಸಿಕೊಳ್ಳುವ ಹಕ್ಕು. ಅದು ಒಡೆಯನಿಂದ ದೊರೆಯತಕ್ಕುದು. ಇವುಗಳ ಜತೆಗೆ ‘ಖಡ್ಗಾವಲೋಕ’ನೆಂಬ ಬಿರುದೂ ‘ಪೃಥ್ವೀವಲ್ಲಭ’ನೆಂಬ ಬಿರುದೂ ಅಲ್ಲಿವೆ. ನವಸಾರಿಯ ಪುಲಕೇಶಿಗೆ ದೊರೆತಂತೆ ಇವನಿಗೂ ಅರಬರ ಮೇಲಣ ಕಾಳಗದಲ್ಲಿ ತೋರಿದ ಪರಾಕ್ರಮಕ್ಕಾಗಿ ಇವು ದೊರೆತಿರಬೇಕೆಂದು ಹಲವು ಚರಿತ್ರಕಾರರು ಊಹಿಸಿರುವರು. ಅದು ಹೇಗೇ ಇರಲಿ, ಮಹಾಸಾಮಂತನೆಂಬ ಮಾತಿನ ಪಕ್ಕದಲ್ಲಿರುವ ಪೃಥ್ವೀವಲ್ಲಭನೆಂಬ ಮಾತು ಒಂದು ಆಭರಣ ಮಾತ್ರ. ನೋಟವೇ ಖಡ್ಗದಂತಿದ್ದ ಆ ಯುವಕನು ಆ ಆಭರಣವನ್ನು ಮರಳಿ ಕೊಡಲೊಲ್ಲದೆ ಅದನ್ನೇ ಹಕ್ಕನ್ನಾಗಿ ಮಾಡಿಕೊಳ್ಳುವನೆಂದು ಆಗ ಯಾರೂ ತಿಳಿದಿರಲಾರರು.

ಕ್ರಿ.ಶ. ೭೪೪ರ ಸುಮಾರಿಗೆ ಇಮ್ಮಡಿ ವಿಕ್ರಮಾದಿತ್ಯನು ತೀರಿಕೊಂಡು ಅವನ ಮಗ ಇಮ್ಮಡಿ ಕೀರ್ತಿವರ್ಮನು ಪಟ್ಟಕ್ಕೆ ಬಂದನು. ಇವನು ಹೇಡಿಯಾಗಿರಲಿಲ್ಲ, ಯುವರಾಜನಾಗಿದ್ದಾಗಲೇ ಪಲ್ಲವನ ಮೇಲೆ ದಂಡೆತ್ತಿ ಹೋಗಿ ಆನೆಗಳನ್ನೂ ಹೊನ್ನನ್ನೂ ತಂದವನೆಂದು ಅವನ ಶಾಸನಗಳು ಹೊಗಳುತ್ತವೆ. ಆದರೆ ಚಾಲುಕ್ಯರ ಕಣ್ಣು ತಲೆಮಾರುಗಳಿಂದಲೂ ತೆಂಕಣ ದಿಕ್ಕಿನಲ್ಲಿಯೇ ನೆಟ್ಟಿತ್ತು. ಪಲ್ಲವರೊಡನೆ ಹಗೆಯು ಮುಗಿಯಿತೆನ್ನುವಷ್ಟರಲ್ಲಿ ಪಾಂಡ್ಯರೊಡನೆ ಕಾಳಗವು ಮೊದಲಾಯಿತು. ೭೫೦ರ ಸುಮಾರಿಗೆ ವೆಣ್ಬೈ ಎಂಬಲ್ಲಿ ಕೀರ್ತಿವರ್ಮನಿಗೂ ಅವನ ಸಾಮಂತನಾದ ಗಂಗ ಶ್ರೀಪುರುಷನಿಗೂ ಪಾಂಡ್ಯರ ಕೈಯಲ್ಲಿ ಸೋಲಾಯಿತೆಂದು ಚರಿತ್ರಕಾರರು ಹೇಳುವರು. ಈ ಹೊತ್ತಿನಲ್ಲಿ ಬಡಗಣ ಬಾಗಿಲನ್ನು ಕಾಯಬೇಕಾದವನು ತನ್ನ ಬಲವನ್ನು ಬೆಳೆಯಿಸಿಕೊಳ್ಳುತ್ತಿದ್ದನು. ಲಾಟ, ಮಾಳವ, ಕೋಸಲ, ಕಳಿಂಗ, ಶ್ರೀಶೈಲದ ಸೀಮೆ ಹಾಗೂ ಕಂಚಿಯ ಅರಸರನ್ನು ದಂತಿದುರ್ಗನು ಅಡಗಿಸಿದನೆಂದು ಎಲ್ಲೋರದ ದಶಾವತಾರ ಗುಹೆಯ ಶಾಸನವು ಎಣಿಸುತ್ತದೆ. ಪ್ರಶಸ್ತಿಯಲ್ಲಿ ಬರುವ ಜಯಗಳೆಲ್ಲವನ್ನೂ ಅಳತೆಯಿಲ್ಲದೆ ಒಪ್ಪಬೇಕಾಗಿಲ್ಲ. ಆದರೂ ಮಹೀ, ರೇವಾ ನದಿಗಳ ದಡಗಳವರೆಗೆ ಅವನ ಆನೆಗಳು ನಡೆದುವೆಂಬ ಮಾತಿನಲ್ಲಿ ನಿಜಾಂಶವಿದೆ. ಗುಜರಾತು, ಮಾಳವಗಳಲ್ಲಿ ಅವನ ಪ್ರಭಾವವು ಹರಡಿದುದಕ್ಕೆ ಬೇರೆ ಆಧಾರಗಳೂ ಉಂಟು.

ಅನಂತರ ಬಂದುದು ಆ ಮುಖ್ಯವಾದ ಏಟು. ಅದರ ವೃತ್ತಾಂತವು ಸಾಮನಗಡದ ತಾಮ್ರಪಟದಲ್ಲಿದೆ. ಸಾಮನಗಡವು ಕೊಲ್ಹಾಪುರ ಜಿಲ್ಲೆಯ ಒಂದು ಗಿರಿದುರ್ಗ. ಶಕವರ್ಷ ೬೭೫ರ ಮಾಘ ಮಾಸದ ರಥಸಪ್ತಮಿಯಂದು, ಎಂದರೆ ಕ್ರಿ.ಶ. ೭೫೪ರ ಆರಂಭದಲ್ಲಿ, ಕೊಟ್ಟ ದಾನದ ಶಾಸನವಿದು. ಇದರಲ್ಲಿ ಯುದ್ಧದ ವಿಷಯವಾಗಿ ಎರಡು ಪದ್ಯಗಳಿವೆ. ಕಂಚಿಯ ಅರಸನನ್ನೂ, ಕೇರಳ ಚೋಳ ಪಾಂಡ್ಯರನ್ನೂ, ಶ್ರೀಹರ್ಷನನ್ನೂ, ವಜ್ರಟನನ್ನೂ ಮುರಿಯುವುದರಲ್ಲಿ ಪಳಗಿದ್ದ, ಬೇರೆಯವರಿಗೆ ಅಜೇಯವಾದ ಕರ್ಣಾಟಕ ಸೈನ್ಯವನ್ನು ದಂತಿದುರ್ಗನು ಕೆಲವೇ ಮಂದಿ ಭೃತ್ಯರೊಡನೆ ಥಟ್ಟನೆ ಗೆದ್ದನೆಂಬುದು ಒಂದರ ಅರ್ಥ. ಹುಬ್ಬು ಗಂಟಿಕ್ಕದೆ, ಹರಿತವಾದ ಆಯುಧವನ್ನು ಕೈಗೆತ್ತಿಕೊಳ್ಳದೆ, ಆಯಾಸವಿಲ್ಲದೆ, ವಲ್ಲಭನನ್ನು ಒಮ್ಮೆಗೇ ಜಯಿಸಿ ರಾಜಾಧಿರಾಜ ಪರಮೇಶ್ವರತ್ವವನ್ನು ಹೊಂದಿದನೆಂಬುದು ಇನ್ನೊಂದರ ಅರ್ಥ. ಸೋತವನ ಅಂಕಿತನಾಮವನ್ನು ಶಾಸನವು ಹೇಳುವುದಿಲ್ಲ. ಕೀರ್ತಿವರ್ಮನೆಂಬ ಒಬ್ಬ ಮನುಷ್ಯನನ್ನು ಗೆದ್ದುದಕ್ಕಿಂತ ‘ವಲ್ಲಭ’ನನ್ನು ಗೆದ್ದುದೇ ಕವಿಗೆ ಮುಖ್ಯವಾಯಿತು. ಸೋತ ಸೈನ್ಯದ ಹಿರಿಮೆಯನ್ನು ಅಷ್ಟು ವಿಸ್ತಾರವಾಗಿ ಹೊಗಳಿದುದೂ ಅದೇ ಕಾರಣಕ್ಕಾಗಿ: ಎದುರಾಳಿಯ ಕೀರ್ತಿಯೆಲ್ಲವೂ ಇನ್ನು ಮುಂದೆ ಗೆದ್ದವನಿಗೆ ಸೇರಬೇಕಾಗಿತ್ತು.

ಅದೇ ತಾಮ್ರಪಟದ ಗದ್ಯಭಾಗದಲ್ಲಿ ದಂತಿದುರ್ಗನು ‘ಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ’ನು. ಎಲ್ಲೋರದ ಪಟದೊಡನೆ ಇದನ್ನು ಹೋಲಿಸಿದರೆ ಅವನ ಬಾಳಿನ ಚರಿತ್ರೆಯೆಲ್ಲ ಎರಡು ಸಾಲುಗಳಲ್ಲಿ ಕಾಣುವುದು. ಪೃಥ್ವೀವಲ್ಲಭನೆಂಬ ಮಾತು ಅಲ್ಲಿಯೂ ಇತ್ತು, ಇಲ್ಲಿಯೂ ಇದೆ. ಪಂಚಮಹಾಶಬ್ದವೂ ಮಹಾಸಾಮಂತಪದವೂ ಉದುರಿಹೋಗಿವೆ. ಅವುಗಳ ಸ್ಥಾನದಲ್ಲಿ ಚಾಲುಕ್ಯ ಚಕ್ರವರ್ತಿಯ ಬಿರುದಾವಳಿಯೇ ಬಂದು ನಿಂತಿದೆ. ಕೊಟ್ಟವನ ಕೈಯಿಂದ ಬಂದ ಒಂದು ಮಾತು, ಕೊಟ್ಟವನನ್ನೇ ಉರುಳಿಸಿದ ಮೇಲೆ, ಒಂದು ಸಾಮ್ರಾಜ್ಯದ ಹೆಸರಾಯಿತು. ಅವನ ಸ್ವಂತದ ಖಡ್ಗಾವಲೋಕವೂ ನಿರರ್ಥಕವಾಗಿ ಹೋಗಲಿಲ್ಲ. ಮುಂದೆ ಅವನ ಕುಲದಲ್ಲಿ ವಿಕ್ರಮಾವಲೋಕ, ರಣಾವಲೋಕ ಮೊದಲಾದ ಬಿರುದುಗಳು ಅದೇ ಅಚ್ಚಿನಲ್ಲಿ ಹುಟ್ಟಿದುವು; ಗಂಗವಾಡಿಯನ್ನು ಆಳಿದ ರಾಜಪುತ್ರ ಕಂಬರಸನು ‘ರಣಾವಲೋಕ’ನೆನಿಸಿದನು.

ಸಾಮನಗಡದ ಶಾಸನದಲ್ಲಿ ಯುದ್ಧಕ್ಕೆ ಸಂಬಂಧಿಸದ ಒಂದು ಪದ್ಯವೂ ಉಂಟು. ನಾಲ್ಕು ಲಕ್ಷ ಗ್ರಾಮಗಳಲ್ಲಿ ಊರೂರಿಗೂ ಭೂದಾನಗಳನ್ನು ಮಾಡಿದ ತಾಯಿಯಿಂದಲೇ ದಂತಿದುರ್ಗನ ಮಾತೃಭಕ್ತಿಯು ಲೋಕಕ್ಕೆ ಪ್ರಕಾಶವಾಯಿತು ಎಂದು ಅದು ಹೇಳುತ್ತದೆ. ನಾಲ್ಕು ಲಕ್ಷವೆಂಬುದು ಕವಿಯ ಸಂಖ್ಯೆ. ಆದರೆ ಜಯವನ್ನು ಸಾರುವ ಪಟದಲ್ಲಿಯೇ ತಾಯಿಯ ದಾನವನ್ನು ಹೇಳಿರುವುದು ಗಮನಿಸತಕ್ಕ ವಿಷಯ. ಆ ತಾಯಿಯು ಚಾಲುಕ್ಯರ ಮಗಳಲ್ಲವೆ? ಮಗನು ಉರುಳಿಸಿದುದು ಅವಳ ತವರಿನ ಸಿಂಹಾಸನವನ್ನು. ಆಗ ಅವಳ ಮನಸ್ಸಿನಲ್ಲಿ ಹರ್ಷವಿತ್ತೋ ದುಃಖವಿತ್ತೋ ಯಾವ ತಾಮ್ರಪಟವೂ ಹೇಳಲಾರದು. ಆದರೆ ಊರೂರಿನಲ್ಲಿ ಭೂಮಿಯನ್ನು ದಾನಮಾಡುವ ಕೈಯು ಚಾಲುಕ್ಯ ಕನ್ಯೆಯ ಕೈಯಾಗಿದ್ದುದು ಹೊಸ ಅರಸನಿಗೆ ಬಹಳ ಉಪಕಾರವಾಯಿತೆಂಬುದರಲ್ಲಿ ಸಂದೇಹವಿಲ್ಲ. ದಾನವನ್ನು ಪಡೆದ ಅಗ್ರಹಾರಗಳಿಗೆ ಭೂವಲ್ಲಭನು ಬೇರೆಯವನಾಗಿ ತೋರಲಿಲ್ಲ.

ಬಿರುದನ್ನು ಹೊತ್ತುದರಿಂದಲೇ ಎಲ್ಲರೂ ಅದನ್ನು ಒಪ್ಪಿದಂತಾಗುವುದಿಲ್ಲ. ಅರಸುತನವು ನಾಲ್ವರ ಕಣ್ಣೆದುರಿಗೆ ನಡೆಯಬೇಕು. ಅದಕ್ಕಾಗಿ ದಂತಿದುರ್ಗನು ಉಜ್ಜಯಿನಿಯನ್ನು ಆರಿಸಿಕೊಂಡನು. ಅಲ್ಲಿ ಅವನು ಹಿರಣ್ಯಗರ್ಭ ಮಹಾದಾನವನ್ನು ಮಾಡಿದನೆಂದೂ, ಆಗ ಗುರ್ಜರೇಶ್ವರನೇ ಮೊದಲಾದ ಅರಸರು ಬಾಗಿಲು ಕಾಯುವ ಪ್ರತೀಹಾರರಾದರೆಂದೂ ಸಂಜಾನದ ಪಟದಲ್ಲಿದೆ. ಇದರಲ್ಲಿ ಒಂದು ಶ್ಲೇಷೆಯುಂಟು. ಮಾಳವವನ್ನು ಆಳುತ್ತಿದ್ದ ಆ ಗುರ್ಜರ ಅರಸರ ವಂಶದ ಹೆಸರೇ ಪ್ರತೀಹಾರ. ವಂಶದ ಹೆಸರನ್ನು ಹೊಣೆಯ ಹೆಸರನ್ನಾಗಿ ತಿರುಗಿಸಿ ಕವಿಯು ನಕ್ಕಿದ್ದಾನೆ. ಆದರೆ ನಗೆಯ ಹಿಂದೆ ಗಂಭೀರವಾದ ಉದ್ದೇಶವಿತ್ತು. ಎರಡು ನೂರು ವರ್ಷಗಳ ಹಿಂದೆ ಚಾಲುಕ್ಯ ವಂಶದ ಮೂಲಪುರುಷನಾದ ಪುಲಕೇಶಿಯು ಯಾವ ಸುವರ್ಣಗರ್ಭದಿಂದ ಹೊರಬಂದು ವಲ್ಲಭೇಶ್ವರನೆನಿಸಿದನೋ, ಅದೇ ವಿಧಿಯಿಂದ ಹೊಸ ವಂಶದ ಮೂಲಪುರುಷನೂ ಹುಟ್ಟಿಬರಬೇಕಾಗಿತ್ತು. ಸಾಮಂತನಾಗಿ ಹುಟ್ಟಿದವನ ಹುಟ್ಟು ಅಲ್ಲಿ ಕಳೆಯಿತು. ಚಿನ್ನದ ಪಾತ್ರೆಯಿಂದ ಎದ್ದವನು ಚಕ್ರವರ್ತಿಯಾಗಿ ಎದ್ದನು.

ಇಷ್ಟಾದರೂ ಜಗಳವು ಮುಗಿದಿರಲಿಲ್ಲ. ಸೋತ ಕೀರ್ತಿವರ್ಮನು ಇನ್ನೂ ಬದುಕಿದ್ದನು. ಶಕವರ್ಷ ೬೭೯ರಲ್ಲಿ, ಎಂದರೆ ಕ್ರಿ.ಶ. ೭೫೭ರಲ್ಲಿ, ಭೀಮರಥಿಯ, ಎಂದರೆ ಭೀಮಾನದಿಯ, ಉತ್ತರದ ದಡದಲ್ಲಿ ಪಾಳೆಯ ಬಿಟ್ಟುಕೊಂಡಿದ್ದು ಅವನು ಒಂದು ದಾನವನ್ನು ಕೊಟ್ಟನು. ಕೋಲಾರ ಜಿಲ್ಲೆಯ ವಕ್ಕಲೇರಿಯಲ್ಲಿ ದೊರೆತ ಆ ತಾಮ್ರಪಟದಲ್ಲಿ ಅವನು ತನ್ನ ಪೂರ್ವಿಕರ ಸಂಪೂರ್ಣ ಬಿರುದಾವಳಿಯನ್ನು ಒಂದಕ್ಷರವೂ ಕುಂದದಂತೆ ಬರೆಯಿಸಿದ್ದಾನೆ. ರಾಜಧಾನಿಯಿಂದ ದೂರ, ಬಯಲಿನ ಗುಡಾರದಲ್ಲಿ ಕುಳಿತ ಆ ಅರಸನಿಗೆ ರಾಜ್ಯವು ಕೈಜಾರುತ್ತಿದ್ದರೂ ಹೆಸರು ಕೈಯಲ್ಲಿತ್ತು. ಅದೇ ವರ್ಷ ಲಾಟದೇಶದಲ್ಲಿ ರಾಷ್ಟ್ರಕೂಟರ ಇನ್ನೊಂದು ಶಾಖೆಯ ಕರ್ಕರಾಜನು ಮಹಾರಾಜಾಧಿರಾಜ ಪರಮೇಶ್ವರನೆಂದು ಕರೆದುಕೊಂಡು ಶಾಸನವನ್ನು ಹೊರಡಿಸಿದನು. ಹೀಗೆ ಕೆಲವು ವರ್ಷಗಳ ಕಾಲ ದಕ್ಷಿಣಾಪಥದಲ್ಲಿ ಭೂದೇವಿಗೆ ಒಬ್ಬನಿಗಿಂತ ಹೆಚ್ಚು ಮಂದಿ ವಲ್ಲಭರಿದ್ದರು. ಯಾವ ಬಿರುದು ನಿಲ್ಲುವುದು, ಯಾವುದು ತಾಮ್ರದ ಮೇಲಣ ಗೀರಾಗಿ ಉಳಿಯುವುದು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

ಅದನ್ನು ತೀರ್ಮಾನಿಸುವ ಭಾಗ್ಯವು ದಂತಿದುರ್ಗನಿಗೆ ದೊರೆಯಲಿಲ್ಲ. ಕ್ರಿ.ಶ. ೭೫೮ರಲ್ಲಿ ಅವನ ಚಿಕ್ಕಪ್ಪನಾದ ಕೃಷ್ಣರಾಜನು ಆಳುತ್ತಿದ್ದುದು ಶಾಸನದಿಂದ ತಿಳಿದಿರುವುದರಿಂದ, ಅದಕ್ಕೆ ಮೊದಲೇ ದಂತಿದುರ್ಗನು ಕಾಲವಶನಾಗಿರಬೇಕು. ಇಲ್ಲಿ ಅವನ ಹೆಸರಿಗೆ ಒಂದು ಕಳಂಕವು ಅಂಟಿಕೊಂಡಿತು. ಕೃಷ್ಣನು ತಪ್ಪುದಾರಿ ಹಿಡಿದ ಒಬ್ಬ ದಾಯಾದಿಯನ್ನು ಕಿತ್ತುಹಾಕಿ ಕುಲದ ಹಿತಕ್ಕಾಗಿ ರಾಜ್ಯವನ್ನು ವಹಿಸಿಕೊಂಡನೆಂದು ಕ್ರಿ.ಶ. ೮೧೨ರ ಬಡೋದೆಯ ತಾಮ್ರಪಟದಲ್ಲಿದೆ. ಇನ್ನು ಕೆಲವು ಪಟಗಳಲ್ಲಿ ಕೃಷ್ಣನ ಪಟ್ಟಾಭಿಷೇಕವನ್ನು ಹೇಳುವ ಪದ್ಯದಲ್ಲಿ ಪ್ರಜೆಗಳ ಬಾಧೆಯ ಮಾತು ಬರುವುದು. ಇವೆರಡನ್ನೂ ಕೂಡಿಸಿ, ದಂತಿದುರ್ಗನು ಪ್ರಜಾಪೀಡಕನಾದುದರಿಂದ ಚಿಕ್ಕಪ್ಪನು ಅವನನ್ನು ಇಳಿಸಿದನೆಂದು ಹಿಂದಿನ ಕೆಲವು ವಿದ್ವಾಂಸರು ಬರೆದರು. ಈ ವಾದವು ನಿಲ್ಲತಕ್ಕುದಲ್ಲ. ಆ ಪದ್ಯವೇ ದಂತಿದುರ್ಗನು ಸ್ವರ್ಗಸ್ಥನಾದ ಮೇಲೆ ಕೃಷ್ಣನು ಅರಸನಾದನೆಂದು ಹೇಳುತ್ತದೆ. ಬಾಧೆಯ ಮಾತಿಗೆ ದಂತಿದುರ್ಗನನ್ನು ದೂಷಿಸದ ಅರ್ಥವೇ ಸರಳವಾಗಿದೆ. ಕ್ರಿ.ಶ. ೯೭೨ರ ಖರ್ಡಾ ತಾಮ್ರಪಟವು ಅವನು ಗಂಡುಸಂತಾನವಿಲ್ಲದೆ ತೀರಿಕೊಂಡುದೇ ಚಿಕ್ಕಪ್ಪನಿಗೆ ಪಟ್ಟವು ಬರಲು ಕಾರಣವೆಂದು ಬಿಚ್ಚಿ ಹೇಳಿದೆ. ಕಿತ್ತುಹಾಕಲ್ಪಟ್ಟ ದಾಯಾದಿಯು ಲಾಟದ ಕರ್ಕರಾಜನಿರಬಹುದೆಂಬುದು ಹೆಚ್ಚು ಯುಕ್ತವಾದ ಊಹೆ. ಸಿಂಹಾಸನವನ್ನು ಕಟ್ಟಿದವನಿಗೆ ಮಗನಿಲ್ಲದಿದ್ದರೆ, ಅವನ ಪಕ್ಷವಾಗಿ ಮಾತನಾಡುವ ಪ್ರಶಸ್ತಿಕಾರನೂ ಇರುವುದಿಲ್ಲ. ಮುಂದಿನ ಅರಸರೆಲ್ಲರೂ ಕೃಷ್ಣನ ಸಂತತಿಯವರು.

ಕೃಷ್ಣನು ಅಣ್ಣನ ಮಗನ ಕೆಲಸವನ್ನು ಪೂರ್ತಿ ಮಾಡಿದನು. ಕಾಳಗದ ತುರಿಕೆಯಿಂದ ಮೇಲೆ ಬಿದ್ದ ಮಹಾವರಾಹವನ್ನು ಈ ರಾಜಸಿಂಹನು ಹರಿಣವನ್ನಾಗಿ ಮಾಡಿದನೆಂದು ಬಡೋದೆಯ ಪಟದ ಕವಿಯು ವರ್ಣಿಸಿದ್ದಾನೆ. ವರಾಹವೆಂದರೆ ಚಾಲುಕ್ಯನೆಂದು ವಿವರಿಸಬೇಕಾಗಿಲ್ಲ. ಕೀರ್ತಿವರ್ಮನ ಹೆಸರು ಮತ್ತೆ ಕೇಳಿಬರುವುದಿಲ್ಲ. ಎಲ್ಲೋರದಲ್ಲಿ ಬೆಟ್ಟವನ್ನೇ ಕಡಿದು ಕೈಲಾಸ ದೇವಾಲಯವನ್ನು ಮಾಡಿಸಿದ ಕೀರ್ತಿಯೂ ಕೃಷ್ಣನಿಗೆ ಸಂದಿತು. ಆ ದೇವಾಲಯದ ರಚನೆಯಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಛಾಯೆಯು ಕಾಣುವುದೆಂದು ಶಿಲ್ಪಜ್ಞರು ಹೇಳುವರು. ವಿರೂಪಾಕ್ಷವು ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಕಟ್ಟಿಸಿದುದು. ಗೆದ್ದವರು ಸೋತವರ ಬಿರುದನ್ನು ಮಾತ್ರವೇ ಅಲ್ಲ, ಅವರ ಶಿಲ್ಪದ ಪರಂಪರೆಯನ್ನೂ ತಮ್ಮದೆಂದೇ ಬಗೆದರು.

ದಂತಿದುರ್ಗನು ಶತ್ರುವಿನ ಹೆಸರನ್ನೇಕೆ ಹೊತ್ತನೆಂಬ ಮೊದಲಿನ ಪ್ರಶ್ನೆಗೆ ಈಗ ಉತ್ತರವು ದೊರೆಯುವುದು. ಅವನು ಹೊರಗಿನಿಂದ ಬಂದು ಒಂದು ರಾಜ್ಯವನ್ನು ಹಾಳುಮಾಡಿದವನಲ್ಲ. ಅದೇ ರಾಜ್ಯದ ಒಳಗೆ ಬೆಳೆದು ಅದರ ಯಜಮಾನಿಕೆಯನ್ನು ವಹಿಸಿಕೊಂಡವನು. ಅಗ್ರಹಾರಗಳ ದತ್ತಿಗಳು, ನಾಡುಗಳ ವಿಭಾಗಗಳು, ಸಾಮಂತರ ಕಟ್ಟಲೆಗಳು ಎಲ್ಲವೂ ವಲ್ಲಭನೆಂಬ ಒಂದು ಹೆಸರಿಗೆ ಕಟ್ಟುಬಿದ್ದಿದ್ದುವು. ಹ್ಯಾಗೆ ಒಂದು ಮನೆಯ ಯಜಮಾನನು ಬದಲಾದರೂ ಮನೆತನದ ಹೆಸರು ಬದಲಾಗದೋ ಹಾಗೆ ಈ ಹೆಸರನ್ನು ಉಳಿಸಿಕೊಂಡರೆ ಆ ನಿಷ್ಠೆಗಳೆಲ್ಲವೂ ತಾವಾಗಿ ಹೊಸ ಅರಸನ ಕಡೆಗೆ ತಿರುಗುವುವು. ಕಾಲಕ್ರಮದಲ್ಲಿ ಲಾಂಛನವು ಬದಲಾಯಿತು. ವರಾಹದ ಸ್ಥಾನದಲ್ಲಿ ಗರುಡನು ಬಂದನು. ಆದರೆ ವರಾಹನೂ ವಿಷ್ಣುವೇ, ಗರುಡನು ಏರುವುದೂ ವಿಷ್ಣುವನ್ನೇ ಹೊತ್ತು. ಶ್ರೀವಲ್ಲಭನೆಂಬ ಹೆಸರಿಗೆ ಯಾವ ಲೋಪವೂ ಆಗಲಿಲ್ಲ. ಚಾಲುಕ್ಯರ ಪಾಳಿಧ್ವಜವೂ ರಾಷ್ಟ್ರಕೂಟರ ಮುಂದೆ ಹಾರತೊಡಗಿತು. ದಂತಿದುರ್ಗನು ಯಾರನ್ನು ಗೆದ್ದನೆಂದು ಹೇಳುವಾಗ ಸಾಮನಗಡದ ಪಟವು ‘ವಲ್ಲಭ’ನನ್ನು ಎಂದಿತು, ದಂತಿದುರ್ಗನು ಸ್ವರ್ಗಸ್ಥನಾದನೆಂದು ಹೇಳುವಾಗ ಮುಂದಿನ ಪಟಗಳು ಅವನನ್ನೇ ‘ವಲ್ಲಭರಾಜ’ನೆಂದುವು. ಈ ಎರಡು ಪ್ರಯೋಗಗಳ ನಡುವೆ ಒಂದು ಸಾಮ್ರಾಜ್ಯದ ಹಸ್ತಾಂತರವು ಅಡಗಿದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಬಿರುದು ಬೆಳೆದಂತೆ ಅದನ್ನು ಹೊತ್ತ ಮನುಷ್ಯನು ಅದರೊಳಗೆ ಮರೆಯಾಗುವನು. ಜಿನಸೇನಾಚಾರ್ಯನು ಶಕವರ್ಷ ೭೦೫ರಲ್ಲಿ, ಎಂದರೆ ಕ್ರಿ.ಶ. ೭೮೩ರಲ್ಲಿ, ಹರಿವಂಶವನ್ನು ಮುಗಿಸಿದಾಗ ದಕ್ಷಿಣದಲ್ಲಿ ಕೃಷ್ಣರಾಜನ ಮಗನಾದ ಶ್ರೀವಲ್ಲಭನು ಆಳುತ್ತಿದ್ದನೆಂದು ತಿಳಿಸಿದ್ದಾನೆ. ಕೃಷ್ಣನಿಗೆ ಗೋವಿಂದ, ಧ್ರುವರೆಂಬ ಇಬ್ಬರು ಮಕ್ಕಳಿದ್ದು ಇಬ್ಬರೂ ಆಳಿದವರಾದುದರಿಂದ, ಆ ಶ್ರೀವಲ್ಲಭನು ಯಾರೆಂಬ ಚರ್ಚೆಯು ವಿದ್ವಾಂಸರಲ್ಲಿ ಹುಟ್ಟಿತು. ಸಮಕಾಲೀನರಿಗೆ ಅಂಕಿತನಾಮವು ಬೇಕಾಗಿರಲಿಲ್ಲ. ಬಲ್ಲಹನೆಂದರೆ ಸಾಕಾಗಿತ್ತು. ಹತ್ತನೆಯ ಶತಮಾನದ ಅರಬ್ಬೀ ಗ್ರಂಥಕಾರ ಮಸೂದಿಯು ಮಾನ್ಯಖೇಟವನ್ನು ‘ಮಾನ್ಕೀರ್’ ಎಂದು ಹೆಸರಿಸಿ ಅದು ಬಲ್ಹರಾನ ರಾಜಧಾನಿಯೆಂದು ಬರೆದಾಗಲೂ, ಆ ಬಿರುದನ್ನು ಮನೆಗೆ ತಂದ ದಂತಿದುರ್ಗನ ಹೆಸರು ಕಡಲಾಚೆಯವರಿಗೆ ತಿಳಿದಿರಲಿಲ್ಲ.

ಗೆದ್ದು ತಂದ ವಸ್ತುವನ್ನು ಗೆದ್ದೇ ಒಯ್ಯುವರು. ಕ್ರಿ.ಶ. ೯೬೫ರಲ್ಲಿ ತರ್ದವಾಡಿ ಸಾಸಿರವನ್ನು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಂದ ಪಡೆದು ಆಳುತ್ತಿದ್ದ ಒಬ್ಬ ಸಾಮಂತನಿದ್ದನು. ಅವನ ಹೆಸರು ತೈಲಪ. ತಾನು ಚಾಲುಕ್ಯ ವಂಶದವನೆಂದು ಹೇಳಿಕೊಳ್ಳುತ್ತಿದ್ದನು. ಅವನ ಹೆಂಡತಿ ಜಾಕವ್ವೆಯು ರಾಷ್ಟ್ರಕೂಟರ ಮಗಳು. ದಂತಿದುರ್ಗನ ತಂದೆಯು ಒಡೆಯರ ಕುಲದ ಕನ್ನೆಯನ್ನು ತಂದಂತೆಯೇ ಇವನೂ ತನ್ನ ಒಡೆಯರ ಕುಲದ ಕನ್ನೆಯನ್ನು ಕೈಹಿಡಿದಿದ್ದನು. ೯೭೩ರಲ್ಲಿ ತೈಲಪನು ಕೊನೆಯ ರಾಷ್ಟ್ರಕೂಟ ಚಕ್ರವರ್ತಿಯಾದ ಕರ್ಕನನ್ನು ಸೋಲಿಸಿ, ‘ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ ಸತ್ಯಾಶ್ರಯಕುಲತಿಲಕ ಚಾಲುಕ್ಯಾಭರಣ’ನಾದನು. ಅದರ ಹಿಂದಿನ ವರ್ಷವಷ್ಟೇ ದಂತಿದುರ್ಗನು ಮಗನಿಲ್ಲದೆ ತೀರಿಕೊಂಡುದನ್ನು ಖರ್ಡಾ ಪಟದಲ್ಲಿ ಸ್ಮರಿಸಿದವನು ಇದೇ ಕರ್ಕನು. ಇನ್ನೂರಿಪ್ಪತ್ತು ವರ್ಷಗಳ ಮೇಲೆ ಬಿರುದು ತನ್ನ ಹಳೆಯ ಮನೆಗೆ, ಇಲ್ಲವೆ ಹಳೆಯ ಮನೆಯ ಹೆಸರನ್ನು ಹೇಳಿಕೊಂಡವರ ಮನೆಗೆ, ಹಿಂದಿರುಗಿತು. ಅಲ್ಲಿಂದ ಮುಂದೆ ಕಳಚುರ್ಯರೂ, ಸೇವುಣರೂ, ಹೊಯ್ಸಳರೂ ಸರದಿಯಂತೆ ಅದನ್ನು ಧರಿಸಿದರು. ನಾಡಿನ ಗುಡಿಗಳ ಮುಂದೆ, ಕೆರೆಯ ಏರಿಗಳ ಮೇಲೆ ನಿಂತಿರುವ ನೂರಾರು ಶಾಸನಗಳು ‘ಸ್ವಸ್ತಿ ಸಮಸ್ತಭುವನಾಶ್ರಯಂ ಶ್ರೀಪೃಥ್ವೀವಲ್ಲಭಂ’ ಎಂದೇ ಮೊದಲಾಗುವುವು. ಅವುಗಳನ್ನು ಓದುವವರು ಸಾಮಾನ್ಯವಾಗಿ ಆ ಮೊದಲ ಸಾಲನ್ನು ಬರಿಯ ರೂಢಿಯೆಂದು ದಾಟಿ ಅರಸನ ಹೆಸರನ್ನು ಹುಡುಕುವರು. ಆ ರೂಢಿಯ ಸಾಲಿನೊಳಗೆ ವಾತಾಪಿಯ ಬಂಡೆಯ ಪುಲಕೇಶಿಯೂ, ಭೀಮಾತೀರದ ಗುಡಾರದಲ್ಲಿ ಕುಳಿತ ಕೀರ್ತಿವರ್ಮನೂ, ಅವನನ್ನು ಗೆದ್ದು ಮಗನಿಲ್ಲದೆ ಮಡಿದ ಖಡ್ಗಾವಲೋಕನೂ ಇರುವರು.